ಟೆಕ್ಸಾಸಿನ ಭೂದಾಖಲೆಗಳು: ನಕ್ಷೆಗಿಂತ ಮೊದಲು ಬಂದ ಟಿಪ್ಪಣಿ

ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸರ್ಕಾರ ನೆಲವನ್ನು ಮೊದಲು ಚೌಕ ಚೌಕವಾಗಿ ಅಳೆದು ಆಮೇಲೆ ಮಾರಿತು. ಟೆಕ್ಸಾಸಿನಲ್ಲಿ ಹಾಗಾಗಲಿಲ್ಲ. 1836ರಲ್ಲಿ ಮೆಕ್ಸಿಕೊದಿಂದ ಬೇರೆಯಾದ ಈ ಗಣರಾಜ್ಯ 1845ರಲ್ಲಿ ಒಕ್ಕೂಟ ಸೇರುವಾಗ ಸರ್ಕಾರಿ ಜಮೀನನ್ನು ತನ್ನಲ್ಲೇ ಉಳಿಸಿಕೊಂಡಿತು. ಹಕ್ಕುಪತ್ರ ಹಿಡಿದವನು ಒಪ್ಪಿಗೆಯಾದ ಜಾಗ ಹುಡುಕಿ ಸರ್ವೆ ಮಾಡಿಸುತ್ತಿದ್ದ. ಅಂಥ ತುಂಡುಗಳನ್ನು ಜೋಡಿಸಿದ ಕೌಂಟಿ ನಕ್ಷೆ ಆಮೇಲೆ ಬಂತು. ಹೀಗಾಗಿ ಆಸ್ಟಿನ್‌ನ ಜನರಲ್ ಲ್ಯಾಂಡ್ ಆಫೀಸಿನ ಸಂಗ್ರಹದಲ್ಲಿರುವ ಸುಮಾರು 45,000 ನಕ್ಷೆಗಳಿಗಿಂತ ಸರ್ವೆಯರುಗಳ ಟಿಪ್ಪಣಿಗಳೇ ಹೆಚ್ಚು ತೂಕದವು ಎಂಬುದು ನನ್ನ ವಾದ.

ಟಿಪ್ಪಣಿಯೊಂದನ್ನು ಓದಿದರೆ ಇದು ತಿಳಿಯುತ್ತದೆ. ಹಳ್ಳದ ದಂಡೆಯಲ್ಲಿ ಮೂಲೆಗೂಟ. ಅದಕ್ಕೆ ಸಾಕ್ಷಿಯಾಗಿ ಗುರುತು ಕೆತ್ತಿದ ಮರಗಳು. ಮರದ ಜಾತಿ, ಕಾಂಡದ ದಪ್ಪ, ಗೂಟದಿಂದ ಅದಿರುವ ದಿಕ್ಕು ಮತ್ತು ದೂರ. ಕೊನೆಗೆ ಸರಪಳಿ ಹಿಡಿದವರ ಹೆಸರು. ಅಳತೆಯೆಲ್ಲ ಸ್ಪೇನಿನಿಂದ ಬಂದ 'ವಾರಾ'ದಲ್ಲಿ. ಟೆಕ್ಸಾಸಿನ ವಾರಾ ಎಂದರೆ 33⅓ ಅಂಗುಲ. ಎರಡೂವರೆ ಕೋಟಿ ಚದರ ವಾರಾ ಸೇರಿದರೆ ಒಂದು ಲೀಗ್, ಅಂದರೆ ಸುಮಾರು 4,428 ಎಕರೆ. ಎಕರೆ-ಗುಂಟೆ ಲೆಕ್ಕದವರಿಗೆ ತಲೆ ತಿರುಗುವಷ್ಟು ದೊಡ್ಡ ಹಿಡುವಳಿ!

ಮರ ಒಣಗಿ ಬೀಳುತ್ತದೆ, ಹಳ್ಳ ಪಾತ್ರ ಬದಲಿಸುತ್ತದೆ. ವ್ಯಾಜ್ಯ ಬಂದಾಗ ಯಾವುದನ್ನು ನಂಬಬೇಕು? 1867ರ ಸ್ಟಾಫರ್ಡ್ ವಿರುದ್ಧ ಕಿಂಗ್ ಮೊಕದ್ದಮೆಯಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು ನದಿ, ಹಳ್ಳದಂಥ ನೈಸರ್ಗಿಕ ಗುರುತಿಗೆ ಮೊದಲ ಸ್ಥಾನ ಕೊಟ್ಟಿತು. ಆಮೇಲೆ ಗುರುತು ಕೆತ್ತಿದ ಮರ, ಗೂಟದಂಥ ಮನುಷ್ಯರು ಮಾಡಿದ ಗುರುತು, ಅನಂತರ ದಿಕ್ಕು, ಕೊನೆಗೆ ದೂರ. ನಮ್ಮಲ್ಲೂ ಚಕ್ಕುಬಂದಿಗೂ ವಿಸ್ತೀರ್ಣಕ್ಕೂ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯದೇ ಮೇಲುಗೈ.

ಈ ಟಿಪ್ಪಣಿಗಳನ್ನು ಕಾಯುವ ಲ್ಯಾಂಡ್ ಆಫೀಸು 1837ರಲ್ಲಿ ಬಾಗಿಲು ತೆರೆದದ್ದು ಹ್ಯೂಸ್ಟನ್ನಿನಲ್ಲಿ. ಮೊದಲ ಕಮಿಷನರ್ ಜಾನ್ ಬೋರ್ಡನ್. ಅವನ ಅಣ್ಣಂದಿರಾದ ಗೇಲ್ ಮತ್ತು ಥಾಮಸ್, ಆಲೆನ್ ಸಹೋದರರು ಊರು ಕಟ್ಟಲೆಂದು ಕೊಂಡ ನೆಲದಲ್ಲಿ ಹ್ಯೂಸ್ಟನ್ ಪೇಟೆಯ ಬೀದಿಗಳನ್ನು ಅಳೆದವರು. (ಈ ಗೇಲ್‌ನೇ ಮುಂದೆ ಡಬ್ಬಿಯ ಗಟ್ಟಿ ಹಾಲಿನಿಂದ ಹೆಸರಾದವನು.) 1839ರಲ್ಲಿ ಎಡ್ವಿನ್ ವಾಲರ್ ಎರಡು ತೊರೆಗಳ ನಡುವಿನ 640 ಎಕರೆಯಲ್ಲಿ ಹೊಸ ರಾಜಧಾನಿಯಾಗಿ ಆಸ್ಟಿನ್ ಪಟ್ಟಣದ ಯೋಜನೆ ಹಾಕಿದ, ಕಚೇರಿಯೂ ಅಲ್ಲಿಗೆ ಹೋಯಿತು.

1842ರಲ್ಲಿ ಮೆಕ್ಸಿಕೊದ ಪಡೆ ಸ್ಯಾನ್ ಆಂಟೋನಿಯೊವನ್ನು ಎರಡು ಸಲ ಹಿಡಿಯಿತು. ಗಣರಾಜ್ಯದ ಅಧ್ಯಕ್ಷ ಸ್ಯಾಮ್ ಹ್ಯೂಸ್ಟನ್ ಕಡತಗಳನ್ನು ಆಸ್ಟಿನ್ನಿನಿಂದ ಸಾಗಿಸಲು ಆಳುಗಳನ್ನು ಕಳಿಸಿದ. ಡಿಸೆಂಬರ್ 30ರಂದು ಗಾಡಿಗಳಿಗೆ ಕಾಗದ ತುಂಬುವುದನ್ನು ಕಂಡ ವಸತಿಗೃಹದ ಒಡತಿ ಏಂಜಲೀನಾ ಎಬರ್ಲಿ ಬೀದಿಯಲ್ಲಿದ್ದ ಫಿರಂಗಿಯನ್ನೇ ಹಾರಿಸಿದಳು. ಊರವರು ಬೆನ್ನಟ್ಟಿ, ಮರುದಿನ ಕೆನೀಸ್ ಫೋರ್ಟ್ ಬಳಿ ಗಾಡಿಗಳನ್ನು ತಡೆದು ಕಡತಗಳನ್ನು ವಾಪಸು ತಂದರು. ಚರಿತ್ರೆ ಇದನ್ನು 'ದಾಖಲೆಗಳ ಯುದ್ಧ' ಎಂದು ತಮಾಷೆಯಾಗಿ ಕರೆದರೂ ರಾಜಧಾನಿಯ ಪಟ್ಟ ಕೈತಪ್ಪುವ ಭಯ ಊರವರಿಗೆ ನಿಜವಾಗಿಯೇ ಇತ್ತು.

ಡಲ್ಲಾಸಿನಲ್ಲಿ ಹಳೆಯ ಸರ್ವೆಗಳ ಕಥೆ ಬೀದಿಯಲ್ಲೇ ಕಾಣುತ್ತದೆ. ಊರಿನ ಸ್ಥಾಪಕ ಜಾನ್ ನೀಲಿ ಬ್ರಯನ್ ಅದನ್ನು ಟ್ರಿನಿಟಿ ನದಿಗೆ ಹೊಂದಿಸಿ ಅಳೆಸಿದ. ಪಕ್ಕದಲ್ಲಿ ಗ್ರಿಗ್ಸ್‌ಬಿ ಎಂಬವನಿಗೆ ಸಿಕ್ಕ ಲೀಗಿನ ಗೆರೆಗಳು ಓರೆ. ಪೀಟರ್ಸ್ ವಸಾಹತಿನವು ನೇರ ಉತ್ತರ-ದಕ್ಷಿಣ. ಈ ಮೂರೂ ಕೂಡುವ ಕಡೆಗಳಲ್ಲಿ ಬೀದಿಗಳು ಇಂದಿಗೂ ಸೊಟ್ಟಗೆ ತಿರುಗುತ್ತವೆ.

ಕಥೆಗಾರ ಓ. ಹೆನ್ರಿ 1887ರಿಂದ 1891ರವರೆಗೆ ಲ್ಯಾಂಡ್ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಭೂದಾಖಲೆಯ ಮೋಸವನ್ನೇ ವಸ್ತುವಾಗಿಟ್ಟು ಕಥೆಯನ್ನೂ ಬರೆದ.

ಹ್ಯೂಸ್ಟನ್, ಆಸ್ಟಿನ್, ಡಲ್ಲಾಸ್ ನಗರಗಳಲ್ಲಿ ಮನೆ ಕೊಂಡಿರುವ ಕನ್ನಡಿಗರು ತಮ್ಮ ಬಡಾವಣೆಯ ನಕ್ಷೆಯನ್ನು ಒಮ್ಮೆ ತೆಗೆದು ನೋಡಬೇಕು. ಅದರಲ್ಲಿ ಸಾಮಾನ್ಯವಾಗಿ ಮೂಲ ಸರ್ವೆಯ ಹೆಸರೂ ಅದನ್ನು ಗುರುತಿಸುವ ಅಬ್‌ಸ್ಟ್ರಾಕ್ಟ್ ಸಂಖ್ಯೆಯೂ ಇರುತ್ತವೆ. ಆ ಹೆಸರು ಹೆಚ್ಚಾಗಿ ನೆಲವನ್ನು ಮೊದಲು ಪಡೆದವನದು. ಅವನ ಕಡತವನ್ನು ಲ್ಯಾಂಡ್ ಆಫೀಸಿನ ಜಾಲತಾಣದಲ್ಲಿ ಪುಕ್ಕಟೆಯಾಗಿ ಹುಡುಕಬಹುದು.