ಪೆನ್ನಿ, ಜೋಳಿಗೆ, ಡಬ್ಬಿ: ಹೆಣ್ಣುಮಕ್ಕಳ ಶಿಬಿರಕ್ಕೆ ದುಡ್ಡು ಬಂದ ದಾರಿ

ಗೋರೆಗಾಂವ್‌ನಿಂದ ಮತ್ತೊಂದು ಭಾನುವಾರದ ಮಾತು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದ್ತೀವಿ ಅನ್ನೋರಿಗಾಗಿ ಎಂದಿನಂತೆ ಮಾತನ್ನು ಬರಹಕ್ಕೆ ಇಳಿಸಿದ್ದೀನಿ.

ಇವತ್ತಿನ ಇತಿಹಾಸ ಶುರುವಾಗೋದು ನಾನು ಮಾಡಿದ ಒಂದು ತಪ್ಪಿನಿಂದ. ಮೊದಲು ಅದನ್ನೇ ಹೇಳಿಬಿಡ್ತೀನಿ.

ನನ್ನ ಮಗಳಿಗೆ ಹನ್ನೊಂದು ವರ್ಷ. ಇಲ್ಲೇ ಒಂದು ಗೈಡ್ ಕಂಪನಿಯಲ್ಲಿದ್ದಾಳೆ. ಅದೇ ಕಂಪನಿಯಲ್ಲಿ ನಮ್ಮ ಪಕ್ಕದ ಕಟ್ಟಡದ ವಾಚ್‌ಮನ್ ಮಗಳೂ ಇದ್ದಾಳೆ. ಯಾದಗಿರಿ ಕಡೆಯವರು. ಇಬ್ಬರೂ ಒಂದೇ ಪೆಟ್ರೋಲ್. ಗಂಟು ಹಾಕೋದ್ರಲ್ಲಿ ಆ ಹುಡುಗಿ ನನ್ನ ಮಗಳಿಗಿಂತ ಚುರುಕು. ಹೋದ ವರ್ಷ ಮೇ ತಿಂಗಳ ಶಿಬಿರಕ್ಕೆ ತಲೆಗೆ 2,400 ರೂಪಾಯಿ ಅಂತ ಚೀಟಿ ಬಂತು. ಆ ಮನೆಗೆ ಅದು ಸಣ್ಣ ಮೊತ್ತ ಅಲ್ಲ. ನಾನು ಏನು ಮಾಡಿದೆ? ಸ್ಟ್ಯಾಂಡ್‌ಅಪ್ ಕಾಲ್ ಮುಗಿಸಿ ಐದೇ ನಿಮಿಷದಲ್ಲಿ ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹುಡುಗಿಯ ಹೆಸರು, ಸಮವಸ್ತ್ರದಲ್ಲಿರೋ ಫೋಟೋ, ನನ್ನ ಯುಪಿಐ ಕ್ಯೂಆರ್ ಕೋಡ್ ಎಲ್ಲಾ ಹಾಕಿಬಿಟ್ಟೆ. ಅರ್ಧ ಗಂಟೆಯಲ್ಲಿ ಬೇಕಾಗಿದ್ದಕ್ಕಿಂತ ಜಾಸ್ತಿ ದುಡ್ಡು ಬಂತು. ಕೈಮುಗಿಯೋ ಇಮೋಜಿಗಳೂ ಬಂದವು. ನಾನೂ ಒಳಗೊಳಗೇ ಬೀಗಿದೆ ಅಂತ ಇಟ್ಕೊಳ್ಳಿ.

ಸಂಜೆ ಆ ಹುಡುಗಿಯ ತಾಯಿ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ಅಣ್ಣಾರ, ನಮ್ಮ ಹುಡುಗಿ ಫೋಟೋ ಯಾಕ್ ಹಾಕಿದ್ರಿ? ನಾವು ಕೇಳಿದ್ವೇನ್ರಿ? ನಾಳಿಂದ ಲಿಫ್ಟ್‌ನಾಗ ಎಲ್ರೂ ಅಕಿನ್ನ ಅದೇ ಕಣ್ಣಿಂದ ನೋಡ್ತಾರ" ಅಂದರು. ಅಷ್ಟೇ. ಆ ವರ್ಷ ಹುಡುಗಿ ಶಿಬಿರಕ್ಕೆ ಹೋಗಲಿಲ್ಲ. ದುಡ್ಡನ್ನು ಒಬ್ಬೊಬ್ಬರಿಗೂ ವಾಪಸ್ ಕಳಿಸಿದೆ. ಆದರೆ ಫೋಟೋವನ್ನು ಎಷ್ಟು ಜನರ ಫೋನಿನಿಂದ ವಾಪಸ್ ತರೋದು?

ಆಮೇಲೆ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ನೂರು ವರ್ಷದಿಂದ ಹೆಣ್ಣುಮಕ್ಕಳು ಶಿಬಿರಗಳಿಗೆ ಹೋಗ್ತಾನೇ ಇದ್ದಾರೆ. ಅವರಲ್ಲಿ ಬಡವರೂ ಇದ್ದರಲ್ಲ? ಅವರ ದುಡ್ಡನ್ನು ಯಾರು ಕೊಟ್ಟರು, ಹೇಗೆ ಕೊಟ್ಟರು?

ಮೊದಲನೇ ಶಿಬಿರದಿಂದಲೇ ಶುರು ಮಾಡೋಣ. 1907ರ ಆಗಸ್ಟ್. ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಸೇರಿಸಿ ಪ್ರಯೋಗ ಮಾಡಿದರು. ಸ್ಕೌಟಿಂಗ್ ಹುಟ್ಟಿದ್ದೇ ಅಲ್ಲಿ ಅಂತ ಎಲ್ಲರೂ ಹೇಳ್ತಾರೆ. ಹೆಚ್ಚಿನವರು ಹೇಳದೇ ಇರೋದು ಫೀಸಿನ ವಿಷಯ. ಶ್ರೀಮಂತ ಶಾಲೆಗಳ ಹುಡುಗರಿಗೆ ಒಂದು ಪೌಂಡ್, ಕಾರ್ಮಿಕರ ಮನೆಯ ಹುಡುಗರಿಗೆ ಮೂರೂವರೆ ಶಿಲ್ಲಿಂಗ್. ಒಂದು ಪೌಂಡಿಗೆ ಆಗ 20 ಶಿಲ್ಲಿಂಗ್, ಲೆಕ್ಕ ಹಾಕಿ. ಕೊಟ್ಟದ್ದು ಬೇರೆ ಬೇರೆ ಆದರೂ ಟೆಂಟಿನಲ್ಲಿ ಎಲ್ಲರನ್ನೂ ಬೆರೆಸಿ ಮಲಗಿಸಿದರು.

ಆದರೆ ಅಲ್ಲಿ ಇದ್ದವರೆಲ್ಲ ಹುಡುಗರೇ. 1909ರಲ್ಲಿ ಲಂಡನ್‌ನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಸ್ಕೌಟುಗಳ ದೊಡ್ಡ ಮೇಳ ನಡೆದಾಗ ಯಾರೂ ಕರೆಯದ ಕೆಲವು ಹುಡುಗಿಯರು ತಾವೇ ಸಮವಸ್ತ್ರ ಹೊಂದಿಸಿಕೊಂಡು ಬಂದು ನಿಂತರು. ನಾವೂ ಸ್ಕೌಟುಗಳೇ ಅಂದರು. ಮರುವರ್ಷ, 1910ರಲ್ಲಿ, ಗರ್ಲ್ ಗೈಡ್ಸ್ ಶುರುವಾಯಿತು. ಬೇಡನ್ ಪೊವೆಲ್ ತಮ್ಮ ತಂಗಿ ಆಗ್ನೆಸ್ ಅವರಿಗೆ ಹೊಣೆ ಒಪ್ಪಿಸಿದರು. ಅಂದರೆ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ, ಅವರೇ ಬಂದು ಜಾಗ ಹಿಡಿದರು.

ಈಗ ನಮ್ಮ ಕಡೆಗೆ ಬರೋಣ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, ಕ್ಯಾಪ್ಟನ್ ಬೇಕರ್ ಅನ್ನೋರಿಂದ. ಮೊದಲ ಗೈಡ್ ಕಂಪನಿ 1911ರಲ್ಲಿ ಜಬಲ್‌ಪುರದಲ್ಲಿ. ಆದರೆ ಎರಡೂ ಕಡೆ ಒಳಗೆ ಬಿಟ್ಟದ್ದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳನ್ನು ಮಾತ್ರ. ನಮ್ಮ ಊರಿನಲ್ಲೇ ಶಿಬಿರ, ನಮ್ಮ ಮಕ್ಕಳು ಬೇಲಿಯಾಚೆ. 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗಾಗಿ ಬೇರೆಯೇ ಸ್ಕೌಟ್ ಸಂಘ ಕಟ್ಟಿದರು. ದೊಡ್ಡಬಳ್ಳಾಪುರದ ಹತ್ತಿರದ ತರಬೇತಿ ಕೇಂದ್ರಕ್ಕೆ ಇವತ್ತಿಗೂ ಅವರದೇ ಹೆಸರು. ಗೈಡ್ಸ್ ಬಾಗಿಲೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ ಭಾರತೀಯ ಹುಡುಗಿಯರಿಗೆ ತೆರೆಯಿತು.

ಇಲ್ಲಿಂದ ಕಥೆ ಹುಬ್ಬಳ್ಳಿಗೆ ಹೋಗುತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಭಾಗ ಇದು.

ಡಾ. ನಾ. ಸು. ಹರ್ಡೀಕರ್ ಹೆಸರು ಕೇಳಿರ್ತೀರಿ. ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಅಲ್ಲಿದ್ದಾಗ ಲಾಲಾ ಲಜಪತ್ ರಾಯ್ ಜೊತೆ ಕೆಲಸ ಮಾಡಿ, 1921ರಲ್ಲಿ ವಾಪಸ್ ಬಂದವರು. ಆನ್‌ಸೈಟ್‌ನಿಂದ ಊರಿಗೆ ಮರಳಿದವರು ಅಂತ ನಾವು ಹೇಳಬಹುದು! 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದ ಹುಬ್ಬಳ್ಳಿಯ ಹುಡುಗರು ಕ್ಷಮೆ ಬರೆದುಕೊಡೋಕೆ ಒಪ್ಪಲಿಲ್ಲ. ಆ ಶಿಸ್ತನ್ನು ನೋಡಿ ಆ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸು ದೇಶಕ್ಕೆಲ್ಲ ಒಂದು ಸ್ವಯಂಸೇವಕ ದಳ ಬೇಕು ಅಂತ ತೀರ್ಮಾನಿಸಿತು. ಅದೇ ಹಿಂದೂಸ್ತಾನಿ ಸೇವಾದಳ. ಕವಾಯತು, ಶಿಬಿರ, ಪ್ರಥಮ ಚಿಕಿತ್ಸೆ, ಜನಜಂಗುಳಿ ನಿಭಾಯಿಸೋದು ಎಲ್ಲಾ ಅದರಲ್ಲಿತ್ತು. ಸ್ಕೌಟಿಂಗ್‌ನ ನಮ್ಮದೇ ಸೋದರಸಂಬಂಧಿ ಅನ್ನಿ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅದರ ಮಹಿಳಾ ವಿಭಾಗದಲ್ಲಿ ದುಡಿದು ದೇಶದುದ್ದಕ್ಕೂ ಹೆಣ್ಣುಮಕ್ಕಳನ್ನು ಸೇವಿಕೆಯರಾಗಿ ಸಿದ್ಧಪಡಿಸಿದರು.

ಆದರೆ ಕರ್ನಾಟಕದ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತಂದವರು ಉಮಾಬಾಯಿ ಕುಂದಾಪುರ. ನನಗೆ ಇವರ ಬಗ್ಗೆ ವಿಶೇಷ ಅಕ್ಕರೆ, ಯಾಕಂದ್ರೆ ಇವರೂ ನಮ್ಮ ಹಾಗೆ ಮುಂಬೈ ಕನ್ನಡಿಗರು. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದವರು. ಚಿಕ್ಕ ವಯಸ್ಸಿನಲ್ಲೇ ಮದುವೆ. ಮಾವ ಆನಂದರಾಯರು ಸೊಸೆಗೆ ಓದು ಮುಂದುವರಿಸು ಅಂದರು. ಆ ಕಾಲಕ್ಕೆ ಇದು ಎಷ್ಟು ದೊಡ್ಡ ಮಾತು ನೋಡಿ. 1923ರಲ್ಲಿ ಗಂಡ ತೀರಿಕೊಂಡರು. ಮೂವತ್ತೊಂದು ವರ್ಷದ ವಿಧವೆ ಮೂಲೆ ಹಿಡಿಯಲಿಲ್ಲ. ಮಾವನ ಜೊತೆ ಹುಬ್ಬಳ್ಳಿಗೆ ಬಂದು, ತಿಲಕ ಕನ್ಯಾಶಾಲೆಯ ಹೊಣೆ ಹೊತ್ತು, ಭಗಿನಿ ಮಂಡಲ ಕಟ್ಟಿದರು.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ಅದಕ್ಕೆ ಸ್ವಯಂಸೇವಕಿಯರು ಬೇಕಲ್ಲ? ಉಮಾಬಾಯಿ ಪ್ರಾಂತವೆಲ್ಲ ಸುತ್ತಿ 150ಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿದರು. ಸ್ವಲ್ಪ ಯೋಚನೆ ಮಾಡಿ. ಸಂಜೆ ದೀಪ ಹಚ್ಚೋ ಹೊತ್ತಿಗೆ ಹುಡುಗಿ ಮನೆಯಲ್ಲಿರಬೇಕು ಅನ್ನೋ ಕಾಲ. ಪರ ಊರಿನಲ್ಲಿ, ಪರಪುರುಷರ ಮಧ್ಯೆ, ದಿನಗಟ್ಟಲೆ ಶಿಬಿರದಲ್ಲಿ ಇರೋಕೆ ಮಗಳನ್ನು, ಸೊಸೆಯನ್ನು ಕಳಿಸಿ ಅಂತ ಕೇಳಬೇಕು. ಅಲ್ಲಿ ಬೇಕಾಗಿದ್ದು ದುಡ್ಡಿಗಿಂತ ಮೊದಲು ನಂಬಿಕೆ. ಅದು ದೂರದಿಂದ ಬರೋದಲ್ಲ. ಹೊಸ್ತಿಲಿಗೆ ಹೋಗಿ ಕೂತು ಮಾತಾಡಬೇಕು. ನಾನು ಫೋನಿನಲ್ಲಿ ಐದು ನಿಮಿಷದಲ್ಲಿ ಮುಗಿಸಿದ ಕೆಲಸ ನೆನಪಾಯ್ತು.

1932ರಲ್ಲಿ ಉಮಾಬಾಯಿ ಯರವಡಾ ಜೈಲಿನಲ್ಲಿ ನಾಲ್ಕು ತಿಂಗಳು ಕಳೆದರು. ಹೊರಗೆ ಸರ್ಕಾರ ಅವರ ಶಾಲೆಗೆ ಬೀಗ ಜಡಿಯಿತು, ಭಗಿನಿ ಮಂಡಲವನ್ನು ಕಾನೂನುಬಾಹಿರ ಅಂತ ಸಾರಿತು.

ಅದೇ 1932ರಲ್ಲಿ ಪ್ರಪಂಚದ ಇನ್ನೊಂದು ತುದಿಯಲ್ಲಿ, ಪೋಲೆಂಡಿನಲ್ಲಿ, ಗೈಡ್ಸ್‌ನ ವಿಶ್ವ ಸಮ್ಮೇಳನ. ಫೆಬ್ರವರಿ 22, ಬೇಡನ್ ಪೊವೆಲ್ ಮತ್ತು ಅವರ ಹೆಂಡತಿ ಓಲೇವ್ ಇಬ್ಬರೂ ಹುಟ್ಟಿದ ದಿನ. ಅದನ್ನು ಗೈಡ್‌ಗಳು ಒಬ್ಬರನ್ನೊಬ್ಬರು ನೆನೆಯೋ ದಿನ ಅಂತ 1926ರಲ್ಲೇ ಗೊತ್ತು ಮಾಡಿದ್ದರು. ಪೋಲೆಂಡಿನಲ್ಲಿ ಬೆಲ್ಜಿಯಮ್ಮಿನ ಪ್ರತಿನಿಧಿಯೊಬ್ಬರು ಎದ್ದು, ಹುಟ್ಟುಹಬ್ಬ ಅಂದಮೇಲೆ ಉಡುಗೊರೆ ಬೇಡವೇ ಅಂದರು. ಓಲೇವ್ ಎಲ್ಲಾ ಗೈಡ್‌ಗಳಿಗೂ ಕಾಗದ ಬರೆದು ಕೇಳಿದ್ದು ತಲೆಗೆ ಒಂದೇ ಒಂದು ಪೆನ್ನಿ. ಇದರ ಜಾಣತನ ಇರೋದು ಮೊತ್ತದಲ್ಲಿ. ಒಂದು ಪೆನ್ನಿ ಬಡ ಹುಡುಗಿಯೂ ಕೊಡಬಹುದು. ಕೊಡೋರು ಬೇರೆ, ತಗೊಳ್ಳೋರು ಬೇರೆ ಅನ್ನೋ ಗೆರೆಯೇ ಅಳಿಸಿಹೋಯಿತು.

ಅಮೆರಿಕದ ಹುಡುಗಿಯರು ಇನ್ನೊಂದು ದಾರಿ ಹಿಡಿದಿದ್ದರು. 1917ರಲ್ಲಿ ಓಕ್ಲಹೋಮಾದ ಮಸ್ಕೋಗಿ ಊರಿನ ಒಂದು ದಳ ಬಿಸ್ಕೀಟು ಸುಟ್ಟು ಶಾಲೆಯ ಕ್ಯಾಂಟೀನಿನಲ್ಲಿ ಮಾರಿತು. ಅಂಗಡಿ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತ ಗರ್ಲ್ ಸ್ಕೌಟ್‌ಗಳ ಹತ್ತಿರ ಡಬ್ಬಿ ಕೊಂಡಿದ್ದೀರಲ್ಲ ಆನ್‌ಸೈಟ್ ಹೋದವರು, ಅದರ ಮೂಲ ಅದೇ. ನಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ 1950ರ ನವೆಂಬರ್ 7ರಂದು ಒಂದಾಗಿ, 1951ರ ಆಗಸ್ಟ್ 15ರಂದು ಗೈಡ್ಸ್ ಸಂಘ ಅದಕ್ಕೆ ಸೇರಿತು. ಅದರಲ್ಲೂ ಇಂಥದ್ದೇ ಒಂದು ಪದ್ಧತಿ ಇದೆ. ಹೆಸರು 'ಖರೀ ಕಮಾಯಿ'. ಅಂದರೆ ನಿಜವಾದ ಗಳಿಕೆ. ಮಕ್ಕಳು ಒಂದು ಕೆಲಸ ಮಾಡಿಕೊಟ್ಟು ಅದಕ್ಕೆ ದುಡ್ಡು ತಗೋತಾರೆ, ಪುಕ್ಕಟೆ ಅಲ್ಲ. ನಾನು ಹುಡುಗನಾಗಿದ್ದಾಗ ಹರಿಹರದ ಹತ್ತಿರ ಕೊಂಡಜ್ಜಿ ಕೆರೆ ದಂಡೆಯ ಶಿಬಿರಕ್ಕೆ ಹೋಗಿದ್ದೆ. ಕರ್ನಾಟಕದಲ್ಲಿ ಸ್ಕೌಟಿಂಗ್ ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಊರು ಅದು. ಸೈಕಲ್ ಒರೆಸಿ ಗಳಿಸಿದ ನಾಲ್ಕಾಣೆ ಎಂಟಾಣೆ ಕೂಡಿಸಿ ಹೋಗಿದ್ದೆವು. ಅದನ್ನು ನಾನೇ ಮರೆತಿದ್ದೆ!

ಇನ್ನು ಉಮಾಬಾಯಿ ಕಥೆಯ ಕೊನೆ ಭಾಗ. 1944ರ ಫೆಬ್ರವರಿ 22ರಂದು ಪುಣೆಯ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ತೀರಿಕೊಂಡರು. ದಿನಾಂಕ ಗಮನಿಸಿದಿರಾ? ಅದೇ ಫೆಬ್ರವರಿ 22. ಅವರ ಹೆಸರಿನಲ್ಲಿ ಹಳ್ಳಿಯ ಹೆಂಗಸರು ಮಕ್ಕಳಿಗಾಗಿ ನಿಧಿ ಕೂಡಿಸೋಕೆ ಹೊರಟರು. ಗುರಿ 75 ಲಕ್ಷ ರೂಪಾಯಿ. ಜನ ಕೊಟ್ಟದ್ದು ಅದಕ್ಕಿಂತ ಹೆಚ್ಚು. 1946ರಲ್ಲಿ ಗಾಂಧೀಜಿ ಆ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಉಮಾಬಾಯಿಗೆ ಒಪ್ಪಿಸಿದರು. ಹಳ್ಳಿಯ ಹುಡುಗಿಯರಿಗೆ ತರಬೇತಿ ಕೊಟ್ಟು ಗ್ರಾಮಸೇವಿಕೆಯರನ್ನಾಗಿ ಮಾಡೋ ಕೆಲಸ. ಇಲ್ಲಿ ಕೆಲಸಕ್ಕೆ ಹಣ ಸಾಲದಾದಾಗ ಜೋಳಿಗೆ ಹಿಡಿದು ಹೊರಟವರು ಉಮಾಬಾಯಿಯೇ. ಬೇಡುವ ನಾಚಿಕೆಯನ್ನು ತಾವು ಹೊತ್ತುಕೊಂಡರು, ಹುಡುಗಿಯರ ತಲೆ ಮೇಲೆ ಹಾಕಲಿಲ್ಲ. ಸ್ವಾತಂತ್ರ್ಯ ಬಂದಮೇಲೆ ಹುದ್ದೆ, ಸನ್ಮಾನ ಯಾವುದನ್ನೂ ಬಯಸದೆ ಹುಬ್ಬಳ್ಳಿಯ ಪುಟ್ಟ ಮನೆಯಲ್ಲೇ ಇದ್ದು, 1992ರಲ್ಲಿ ನೂರರ ಆಸುಪಾಸಿನಲ್ಲಿ ತೀರಿಕೊಂಡರು.

ನಮ್ಮ ಗೋರೆಗಾಂವ್‌ಗೂ ಈ ಪರಂಪರೆಯ ನಂಟು ಇದೆ. ದಿನಾ ಆಫೀಸಿಗೆ ಹೋಗ್ತಾ ನಮ್ಮಲ್ಲಿ ಎಷ್ಟೋ ಜನ ಮೃಣಾಲ್‌ತಾಯಿ ಗೋರೆ ಫ್ಲೈಓವರ್ ದಾಟ್ತೀವಿ. ಯಾರು ಅವರು? ಡಾಕ್ಟರಿ ಓದನ್ನು ಅರ್ಧಕ್ಕೇ ಬಿಟ್ಟು ರಾಷ್ಟ್ರ ಸೇವಾದಳಕ್ಕೆ ದುಡಿದ ಹುಡುಗಿ. ಈ ದಳ 1941ರಲ್ಲಿ ಹೊಸದಾಗಿ ಕಟ್ಟಿದ್ದು, ಹುಡುಗ ಹುಡುಗಿಯರನ್ನು ಒಟ್ಟಿಗೆ ಆಟ, ಹಾಡು, ಶಿಬಿರಕ್ಕೆ ಸೇರಿಸ್ತಿತ್ತು. ಗಂಡ ಕೇಶವ ಗೋರೆ 1958ರಲ್ಲಿ ತೀರಿಕೊಂಡ ಮೇಲೂ ಗೋರೆಗಾಂವ್ ಬಿಡದೆ, ನೀರಿಗಾಗಿ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿ 'ಪಾನೀವಾಲಿ ಬಾಯಿ' ಅಂತಲೇ ಹೆಸರಾದರು. ಶಿಬಿರದಲ್ಲಿ ಕಲಿತದ್ದು ಶಿಬಿರದಲ್ಲೇ ಉಳಿಯಲ್ಲ ಅನ್ನೋದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಪುಣೆಯಲ್ಲಿರೋ ಗೆಳೆಯರೇ, ನಿಮ್ಮ ಯರವಡಾ ಸುತ್ತಮುತ್ತಲೇ ಉಮಾಬಾಯಿ ಇದ್ದ ಜೈಲು ಇದೆ, ಕಸ್ತೂರಬಾ ತೀರಿಕೊಂಡ ಅರಮನೆ ಇದೆ, ಪ್ರಪಂಚದ ಗೈಡ್‌ಗಳ ಮನೆಯಾದ 'ಸಂಗಮ್' ಕೇಂದ್ರವೂ ಇದೆ. 1966ರ ಅಕ್ಟೋಬರಿನಲ್ಲಿ ಓಲೇವ್ ಅವರೇ ಬಂದು ಅದನ್ನು ಉದ್ಘಾಟಿಸಿದ್ದರು. ಒಂದು ಭಾನುವಾರ ಮಕ್ಕಳನ್ನು ಕರ್ಕೊಂಡು ಹೋಗಿ ಮೂರನ್ನೂ ತೋರಿಸಿ. ಜೈಲನ್ನು ಹೊರಗಿನಿಂದ!

ಇಷ್ಟೆಲ್ಲ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು. ದುಡ್ಡು ಕೊಡೋದು ಕಷ್ಟ ಅಲ್ಲ. ನಮ್ಮಂಥ ಐಟಿಯವರಿಗೆ ಅಂತೂ ಅದು ಒಂದು ಪಿಜ್ಜಾದಷ್ಟು ಸುಲಭ. ಆದರೆ ಯಾರಿಗೆ ಕೊಟ್ಟೆವು ಅಂತ ಊರಿಗೆಲ್ಲ ಗೊತ್ತಾದರೆ, ನಾವು ಹುಡುಗಿಗೆ ಶಿಬಿರ ಕೊಟ್ಟು ಅವಳ ಪೆಟ್ರೋಲನ್ನು ಕಿತ್ತುಕೊಂಡ ಹಾಗೆ. ಬ್ರೌನ್‌ಸೀ ಟೆಂಟು, ಓಲೇವ್‌ರ ಪೆನ್ನಿ, ಮಸ್ಕೋಗಿಯ ಬಿಸ್ಕೀಟು, ಉಮಾಬಾಯಿಯ ಜೋಳಿಗೆ, ನಾಲ್ಕರಲ್ಲೂ ಹುಡುಗಿಯನ್ನೋ ಹುಡುಗನನ್ನೋ ಬೇರೆ ನಿಲ್ಲಿಸಿ ಬೆರಳು ತೋರಿಸೋದು ಇಲ್ಲ.

ಆ ತಾಯಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಕೂರಿಸಿ ಚಹಾ ಕೊಟ್ಟರು. "ಆಗಿದ್ದು ಆತು ಬಿಡ್ರಿ" ಅಂದರು. ಪೂರ್ತಿ ಬಿಟ್ಟಿದ್ದಾರೋ ಇಲ್ಲವೋ, ಕೇಳುವ ಹಕ್ಕು ನನಗಿಲ್ಲ.

ಈ ವರ್ಷ ಕಂಪನಿಯ ತಾಯಂದಿರು ತಂದೆಯರು ಸೇರಿ ಲೆಕ್ಕ ಬದಲಾಯಿಸಿದೆವು. ಶಿಬಿರದ ಪೂರ್ತಿ ಖರ್ಚಿಗೆ ಒಂದೇ ಮುಚ್ಚಿದ ಡಬ್ಬಿ. ಯಾರು ಎಷ್ಟು ಹಾಕಿದರು ಅಂತ ಯಾರೂ ನೋಡಲ್ಲ, ಗುಂಪಿನಲ್ಲಿ ಹೆಸರೂ ಬರಲ್ಲ. ಅದರ ಜೊತೆಗೆ ಎಲ್ಲಾ ಹುಡುಗಿಯರೂ ಖರೀ ಕಮಾಯಿ ಮಾಡಬೇಕು. ಎರಡು ಶನಿವಾರ ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಹಳೇ ಪೇಪರ್ ಕಟ್ಟಿ, ತೂಕ ಮಾಡಿಸಿ, ರದ್ದಿಯವನಿಗೆ ಹಾಕಿದರು. ಚೌಕಾಸಿ ಮಾಡಿದ್ದು ಆ ಯಾದಗಿರಿಯ ಹುಡುಗಿಯೇ. ಕಿಲೋಗೆ ಒಂದು ರೂಪಾಯಿ ಜಾಸ್ತಿ ಹಿಡಿಸಿದಳು. ಅವಳು ಕಟ್ಟಿದ ಗಂಟು ಒಂದೂ ಬಿಚ್ಚಲಿಲ್ಲ, ನನ್ನ ಮಗಳು ಕಟ್ಟಿದ ಕಟ್ಟು ಲಿಫ್ಟಿನಲ್ಲೇ ಚೆಲ್ಲಾಪಿಲ್ಲಿ!

ಮೇ ತಿಂಗಳಲ್ಲಿ ಇಬ್ಬರೂ ಒಂದೇ ಟೆಂಟಿನಲ್ಲಿ ಮಲಗಿದರು. ಫೋಟೋ ನಾನು ಎಲ್ಲೂ ಹಾಕಿಲ್ಲ.

ನಿಮ್ಮ ಸೊಸೈಟಿಯಲ್ಲಿ, ನಿಮ್ಮ ಕನ್ನಡ ಸಂಘದಲ್ಲಿ ಇಂಥ ಡಬ್ಬಿ ಇದ್ದರೆ ಹೇಗೆ ನಡೆಸ್ತೀರಿ ಅಂತ ಬರೆದು ತಿಳಿಸಿ. ಮುಂದಿನ ಭಾನುವಾರ ಮತ್ತೆ ಸಿಗೋಣ.