ಬಸವನಗುಡಿ: ಹಳೆಯ ಬಡಾವಣೆಯಲ್ಲಿ ಮನೆ ಕೊಳ್ಳುವ ಮುನ್ನ

ದೊಡ್ಡ ಬಸವಣ್ಣನ ದೇವಾಲಯದಿಂದ ಹೆಸರು ಪಡೆದ ಬಸವನಗುಡಿ ಬೆಂಗಳೂರಿನ ಹಳೆಯ ಯೋಜಿತ ಬಡಾವಣೆಗಳಲ್ಲಿ ಒಂದು. ಹಳೆಯ ಪೇಟೆಯ ಹೊರಗೆ ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಕಾಲಿಟ್ಟ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರುವುದು ಅನಿವಾರ್ಯವಾಗಿ, ಬಸವನಗುಡಿ ಮತ್ತು ಮಲ್ಲೇಶ್ವರಗಳು ತ್ವರಿತವಾಗಿ ಬೆಳೆದವು. ನೇರವಾದ ಅಗಲ ರಸ್ತೆಗಳು, ಮನೆಯ ಸುತ್ತ ಗಾಳಿ ಬೆಳಕಿಗೆ ಬಿಟ್ಟ ಜಾಗ, ಹಿತ್ತಿಲಿನ ಹಿಂದೆ ಶೌಚ ಸಾಗಿಸಲು ಬಿಟ್ಟ ಕಿರಿದಾದ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಆ ರೋಗದ ಭಯದ ಕುರುಹುಗಳೇ ಆಗಿವೆ.

ಗಾಂಧಿ ಬಜಾರಿನ ಹೂವು ಹಣ್ಣಿನ ಮಳಿಗೆಗಳು, 1943ರ ವಿದ್ಯಾರ್ಥಿ ಭವನ, ಡಿ.ವಿ.ಜಿ. ಅವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಆರಂಭಗೊಂಡ ವಿಶ್ವ ಸಂಸ್ಕೃತಿ ಸಂಸ್ಥೆಗಳೆಲ್ಲ ನಡಿಗೆಯ ದೂರದಲ್ಲಿ ಇರುವುದರಿಂದ ಇಲ್ಲಿ ವಾಸಿಸಲು ಬಯಸುವವರಿಗೆ ಕೊರತೆಯಿಲ್ಲ. 2017ರ ಜೂನ್‌ನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದ ಮೂಲಕ ಮೆಟ್ರೊ ಓಡತೊಡಗಿದ ಮೇಲೆ ಬೇಡಿಕೆ ಇನ್ನಷ್ಟು ಹೆಚ್ಚಿತು. ಆದರೆ ಮಾರಾಟಕ್ಕೆ ಬರುವ ಹಳೆಯ ಮನೆಗೆ ಕಟ್ಟುವ ಬೆಲೆಯಲ್ಲಿ ಮನೆಯ ಪಾಲು ಬಹುತೇಕ ಶೂನ್ಯ; ಬೆಲೆಯೆಲ್ಲ ನೆಲಕ್ಕೆ. ಹಳೆಯ ಮನೆಯನ್ನು ಕೆಡವದೆ ಅದರಲ್ಲಿಯೇ ವಾಸಿಸಲು ಇಚ್ಛಿಸುವವರು ಎಲ್ಲಕ್ಕಿಂತ ಮೊದಲು ಮನಗಾಣಬೇಕಾದ ಸಂಗತಿ ಇದು. ಅವರ ಪೈಪೋಟಿ ಮತ್ತೊಂದು ಕುಟುಂಬದೊಡನೆಯಲ್ಲ, ಅದೇ ನಿವೇಶನದಲ್ಲಿ ನಾಲ್ಕು ಅಂತಸ್ತುಗಳನ್ನು ಕಾಣುವ ಬಿಲ್ಡರ್‌ನೊಡನೆ.

ವಾರಸುದಾರರ ಪ್ರಶ್ನೆ

ಇಲ್ಲಿನ ಮನೆಗಳ ಅಳಿವು ಉಳಿವನ್ನು ನಿರ್ಧರಿಸುವುದು ಗೆದ್ದಲಿಗಿಂತಲೂ ಹೆಚ್ಚಾಗಿ ವಂಶವೃಕ್ಷ. ಅಜ್ಜನ ಕಾಲದ ಒಂದು ಮನೆಗೆ ಮೂರನೆಯ ತಲೆಮಾರಿನಲ್ಲಿ ಎಂಟು ಹತ್ತು ಮಂದಿ ಹಕ್ಕುದಾರರಿರುವುದು ಸಾಮಾನ್ಯ. ಅವರಲ್ಲಿ ಕೆಲವರು ವಿದೇಶದಲ್ಲಿರುತ್ತಾರೆ. ಮನೆಯನ್ನು ಭಾಗ ಮಾಡಲಾಗದು, ಫ್ಲ್ಯಾಟುಗಳನ್ನು ಹಂಚಬಹುದು. ಜಂಟಿ ಅಭಿವೃದ್ಧಿ ಒಪ್ಪಂದಗಳ ಆಕರ್ಷಣೆ ಇರುವುದು ಇದರಲ್ಲಿಯೇ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕನ್ನು ಲಘುವಾಗಿ ಎಣಿಸುವ ರೂಢಿ ಇಂದಿಗೂ ಹೋಗಿಲ್ಲ. ಕರ್ನಾಟಕವು 1994ರಲ್ಲಿಯೇ ಕಾನೂನಿಗೆ ತಿದ್ದುಪಡಿ ತಂದು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತಾದರೂ ಅದಕ್ಕೆ ಮುನ್ನ ವಿವಾಹವಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಜೀವಂತವಾಗಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಆದ ವಿಭಾಗಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ. ಆದ್ದರಿಂದ "ಅಕ್ಕತಂಗಿಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಅವರು ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಕೊಟ್ಟಿರಬೇಕು.

ವಿದೇಶದಲ್ಲಿರುವ ಪಾಲುದಾರರು ನೀಡುವ ಅಧಿಕಾರಪತ್ರವು ಅಲ್ಲಿನ ನೋಟರಿ ಅಥವಾ ಭಾರತೀಯ ದೂತಾವಾಸದಲ್ಲಿ ದೃಢೀಕೃತವಾಗಿರಬೇಕು. ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರವೂ ಅಸಿಂಧುವಾಗುತ್ತದೆ. ಕ್ರಯದ ಮೊತ್ತ 50 ಲಕ್ಷ ರೂಪಾಯಿ ಅಥವಾ ಹೆಚ್ಚಾಗಿದ್ದಲ್ಲಿ ಕೊಳ್ಳುವವರು ಶೇ. 1ರಷ್ಟು ಆದಾಯ ತೆರಿಗೆಯನ್ನು ಮುರಿದು ಕಟ್ಟಬೇಕೆಂಬುದು ಹಲವರಿಗೆ ತಿಳಿದಿದೆ. ಆದರೆ ಅನಿವಾಸಿಗಳ ಪಾಲಿನ ಮೇಲೆ ಮುರಿಯಬೇಕಾದ ದರ ಬಹಳ ಹೆಚ್ಚು. ಅದನ್ನು ತಪ್ಪಿಸಿದರೆ ಹೊಣೆ ಬೀಳುವುದು ಕೊಂಡವರ ತಲೆಯ ಮೇಲೆ.

ದಾಖಲೆಗಳು

ಋಣಭಾರ ಪತ್ರವು ನೋಂದಾಯಿತ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ನೋಂದಣಿಯಾಗದ ಉಯಿಲು, ಮರೆತುಹೋದ ವಾರಸುದಾರ, ನ್ಯಾಯಾಲಯದಲ್ಲಿರುವ ಪಾಲಿನ ದಾವೆ, ಇವು ಅದರಲ್ಲಿ ಕಾಣುವುದಿಲ್ಲ. ದಾವೆ ಬಾಕಿಯಿರುವಾಗ ಕೊಂಡ ಆಸ್ತಿಯು ಅದರ ತೀರ್ಪಿಗೆ ಬದ್ಧವಾಗಿರುತ್ತದೆ. ಹೀಗಾಗಿ ಮೂಲಪತ್ರದಿಂದ ಇಂದಿನವರೆಗಿನ ಸರಣಿಯನ್ನು ವಕೀಲರಿಂದ ಪರಿಶೀಲಿಸಿಸಿ, ಆಕ್ಷೇಪಣೆಗಳನ್ನು ಕೋರಿ ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸುವುದು ಲೇಸು. ಖಾತೆ ಎಂಬುದು ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪುರಾವೆಯಲ್ಲ. ಆದರೂ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಅಗತ್ಯವಾಗಿದ್ದು, ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆಗಳು ಈಗ ಬಿಸಿ ಮುಟ್ಟಿಸುತ್ತಿವೆ. ಹಿತ್ತಿಲಿನ ಅಳತೆಯನ್ನೂ ಪತ್ರದೊಡನೆ ತಾಳೆ ನೋಡಬೇಕು. ಕನ್ಸರ್ವೆನ್ಸಿ ಗಲ್ಲಿಯನ್ನು ಒತ್ತಿಕೊಂಡು ಕಟ್ಟಿದ ಸ್ನಾನದ ಮನೆಗಳು ವಿರಳವಲ್ಲ.

ಕಟ್ಟಡ

ಸುಣ್ಣದ ಗಾರೆಯ ದಪ್ಪ ಗೋಡೆ, ತೇಗದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ನಿಲ್ಲಿಸಿ ಜೋಡಿಸಿದ ಮದ್ರಾಸು ತಾರಸಿ, ಕಿಟಕಿಯ ಮೇಲಿನ ಮಂಕಿ ಟಾಪ್, ರೆಡ್ ಆಕ್ಸೈಡ್ ನೆಲ ಈ ಮನೆಗಳ ಲಕ್ಷಣ. ತೊಲೆಯ ನಡುಭಾಗ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹುದುಗಿದ ತುದಿಗಳಲ್ಲಿ ತೇವ ಮತ್ತು ಗೆದ್ದಲು ಸೇರಿರುತ್ತವೆ. ಪರೀಕ್ಷೆ ಅಲ್ಲಿಂದಲೇ ಆರಂಭವಾಗಬೇಕು. ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಹೋಗಲಾರದೆ ಗೋಡೆಯೇ ಸಡಿಲಗೊಳ್ಳುತ್ತದೆ. ಭಾರವನ್ನು ಹೊತ್ತಿರುವುದು ಕಂಬಗಳಲ್ಲ, ಗೋಡೆಗಳು. ಒಳಗೋಡೆಯನ್ನು ಒಡೆದು ಕೋಣೆಯನ್ನು ಹಿಗ್ಗಿಸುವ ಮೊದಲು ಗಾರೆಯ ಕೆಲಸ ಬಲ್ಲ ಎಂಜಿನಿಯರರನ್ನು ಕೇಳಬೇಕು. ಪಕ್ಕದ ನಿವೇಶನದಲ್ಲಿ ನೆಲಮಾಳಿಗೆಗೆ ಅಗೆತ ನಡೆದಿದ್ದರೆ ಗೋಡೆಯ ಬಿರುಕುಗಳನ್ನು ದಿನಾಂಕಸಹಿತ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು.

ಸಾಲ ಕೊಡುವಾಗ ಬ್ಯಾಂಕುಗಳು ಕಟ್ಟಡದ ಉಳಿದ ಆಯುಷ್ಯವನ್ನು ಅಂದಾಜಿಸುತ್ತವೆ, ಮಂಜೂರಾದ ನಕ್ಷೆಯನ್ನೂ ಕೇಳುತ್ತವೆ. ತೊಂಬತ್ತು ವರ್ಷಗಳ ಮನೆಗೆ ಎರಡೂ ತೊಡಕೇ. ಕೆಡವುವವರಿಗಿಂತ ಉಳಿಸುವವರಿಗೆ ಸಾಲ ಕಷ್ಟವಾಗುವ ಈ ವಿಪರ್ಯಾಸಕ್ಕೆ ಪರಿಹಾರ ದೊರೆತಿಲ್ಲ.

ಫ್ಲ್ಯಾಟ್ ಕೊಳ್ಳುವವರಿಗೆ

ಹಳೆಯ ಮನೆ ಇದ್ದಲ್ಲಿ ಎದ್ದ ಚಿಕ್ಕ ಅಪಾರ್ಟ್‌ಮೆಂಟುಗಳಿಗೆ ರೇರಾ ರಕ್ಷಣೆ ಇದೆಯೆಂದು ಭಾವಿಸಬಾರದು. ನಿವೇಶನ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟುಗಳು ಎಂಟನ್ನು ಮೀರದಿದ್ದರೆ ನೋಂದಣಿ ಕಡ್ಡಾಯವಲ್ಲ. ಬಸವನಗುಡಿಯ ಹಲವು ಕಟ್ಟಡಗಳು ಈ ಮಿತಿಯೊಳಗೇ ಬರುತ್ತವೆ. ಭೂಮಿಯಲ್ಲಿನ ಅವಿಭಾಜ್ಯ ಪಾಲು ಕ್ರಯಪತ್ರದಲ್ಲಿ ನಮೂದಾಗಿದೆಯೇ, ಮೇಲಿನ ಅಂತಸ್ತು ನಕ್ಷೆಯಲ್ಲಿದೆಯೇ, ಸ್ವಾಧೀನಾನುಭವ ಪತ್ರ ಸಿಕ್ಕಿದೆಯೇ ಎಂಬುದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ವೆಚ್ಚ ಮತ್ತು ವಾಸ

ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ, ಮುದ್ರಾಂಕ ಶುಲ್ಕ ಇದಕ್ಕೆ ಹೊರತು. 60×40 ಅಡಿ ಅಥವಾ ಅದಕ್ಕೂ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವೆಂದು 2009ರ ಜಲಮಂಡಳಿ ತಿದ್ದುಪಡಿ ಹೇಳುತ್ತದೆ. ಹಿತ್ತಿಲಲ್ಲಿ ಹಳೆಯ ಬಾವಿ ಉಳಿದಿದ್ದರೆ ಇದು ಸುಲಭ, ಅದನ್ನು ಮುಚ್ಚಬಾರದು. ಮನೆಯನ್ನು ಭಾನುವಾರದ ಬೆಳಗಿನಲ್ಲಿ ಮಾತ್ರ ನೋಡದೆ ಗಾಂಧಿ ಬಜಾರಿನ ಸಂಜೆಯ ದಟ್ಟಣೆಯಲ್ಲಿಯೂ ಒಮ್ಮೆ ನೋಡುವುದು ಉಚಿತ. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಆ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆಯ ಆಸುಪಾಸಿನ ನಿವಾಸಿಗಳು ವಾಹನವನ್ನು ದೂರದಲ್ಲಿಯೇ ನಿಲ್ಲಿಸಿ ನಡೆದು ಮನೆ ಸೇರುತ್ತಾರೆ.