ನೌಕರಿಯ ಹೊಸ್ತಿಲಲ್ಲಿ ಇಂಗ್ಲಿಷ್

ಪಾವಗಡ ತಾಲ್ಲೂಕಿನ ತಿರುಮಣಿಯ ಹೆಸರು ನಾಡಿಗೆಲ್ಲ ತಿಳಿದದ್ದು 2018ರಲ್ಲಿ ಉದ್ಘಾಟನೆಯಾದ ಸೌರ ವಿದ್ಯುತ್ ಪಾರ್ಕಿನಿಂದ. ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಯ ಬಹಳಷ್ಟು ಮನೆಗಳಲ್ಲಿ ಆಡುಮಾತು ತೆಲುಗು. ಸರ್ಕಾರಿ ಶಾಲೆಯ ಪಾಠ ಕನ್ನಡದಲ್ಲಿ. ಇಲ್ಲಿನ ಪದವೀಧರರು ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತಾಗ ಎದುರಾಗುವುದು ಮೂರನೆಯ ಭಾಷೆಯಾದ ಇಂಗ್ಲಿಷ್. ನೌಕರಿಗೂ ಈ ಭಾಷೆಗೂ ಗಂಟು ಬಿದ್ದದ್ದು ಹೇಗೆ?

ಇಂಗ್ಲಿಷ್ ಕಲಿತವರಿಗೆ ಸರ್ಕಾರಿ ಹುದ್ದೆಗಳಲ್ಲಿ ಆದ್ಯತೆ ಎಂದು ಗವರ್ನರ್ ಜನರಲ್ ಹಾರ್ಡಿಂಜ್ ನಿರ್ಣಯಿಸಿದ್ದು 1844ರಲ್ಲಿ. ಸಿವಿಲ್ ಸರ್ವಿಸ್‌ಗೆ ಮುಕ್ತ ಸ್ಪರ್ಧೆ 1855ರಲ್ಲಿ ಲಂಡನ್ನಿನಲ್ಲಿ ಆರಂಭವಾಯಿತು. 1863ರಲ್ಲಿ ಸತ್ಯೇಂದ್ರನಾಥ ಟಾಗೋರರು ಅದರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರೆನಿಸಿದರು. ಭಾರತದ ನೆಲದಲ್ಲೇ ಆ ಪರೀಕ್ಷೆ ನಡೆಯಲು 1922ರವರೆಗೆ ಕಾಯಬೇಕಾಯಿತು.

ಮೈಸೂರು ಸಂಸ್ಥಾನ ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ತನ್ನದೇ ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭಿಸಿತು. ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಈ ಸೇವೆಗೆ ಸೇರಿದವರು. ಕನ್ನಡದ ಸಣ್ಣಕತೆ ಬೆಳೆದದ್ದು ಈ ಅಧಿಕಾರಿಯ ಕೈಯಲ್ಲಿ. ಆದರೆ ಇಂಗ್ಲಿಷ್ ವಿದ್ಯೆ ಕೆಲವೇ ವರ್ಗಗಳಿಗೆ ದಕ್ಕಿದ್ದರಿಂದ ಹುದ್ದೆಗಳೂ ಅವರಿಗೇ ದಕ್ಕಿದವು. ಈ ಅಸಮತೋಲನವನ್ನು ಪರಿಶೀಲಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು.

ಸ್ವಾತಂತ್ರ್ಯಾನಂತರ ಬಾಗಿಲು ತೆರೆದುಕೊಂಡದ್ದು ನಿಧಾನವಾಗಿ. ಕೇಂದ್ರದ ಪರೀಕ್ಷೆಗಳಲ್ಲಿ ದೇಶಭಾಷೆಗಳಿಗೆ ಅವಕಾಶ ಕೊಡಬೇಕೆಂದು ಸಂಸತ್ತು 1968ರಲ್ಲಿ ನಿರ್ಣಯಿಸಿತು. ಕೊಠಾರಿ ಸಮಿತಿಯ ಶಿಫಾರಸಿನಂತೆ 1979ರಿಂದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಇಂಗ್ಲಿಷಿನದು 300 ಅಂಕಗಳ ಅರ್ಹತಾ ಪತ್ರಿಕೆ ಮಾತ್ರ. ಅದರ ಅಂಕಗಳು ರ‍್ಯಾಂಕಿಗೆ ಸೇರವು. ಆದರೆ ಶೇ 25 ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಲೆಕ್ಕಕ್ಕಿಲ್ಲ.

ನಿಜವಾದ ತೊಡಕು ಇರುವುದು ಬೇರೆಡೆ. ಉತ್ತರ ಕನ್ನಡದಲ್ಲಿ ಬರೆಯಬಹುದಾದರೂ ಭಾಷಾ ಪತ್ರಿಕೆಗಳನ್ನು ಬಿಟ್ಟರೆ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷಿನಲ್ಲಷ್ಟೇ ಇರುತ್ತವೆ. ರಾಜ್ಯದ ಕೆಎಎಸ್ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳಿವೆ, ನಿಜ. ಆದರೆ 2024ರ ಆಗಸ್ಟ್‌ನ ಪೂರ್ವಭಾವಿ ಪರೀಕ್ಷೆಯಲ್ಲಿ ಅನುವಾದದ ತಪ್ಪುಗಳು ವಿವಾದವಾಗಿ, ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಯಿತು. ಪ್ರಶ್ನೆ ಇಂಗ್ಲಿಷಿನಲ್ಲಿ ಹುಟ್ಟಿ ಕನ್ನಡಕ್ಕೆ ಬರುವಾಗ ನಷ್ಟ ಕನ್ನಡ ಮಾಧ್ಯಮದವರಿಗೇ.

ಹೀಗಾಗಿ ಸಿದ್ಧತೆ ಎಂದರೆ ವ್ಯಾಕರಣದ ಗೈಡ್ ಬಾಯಿಪಾಠ ಮಾಡುವುದಲ್ಲ. ಅರ್ಹತಾ ಪತ್ರಿಕೆ ಕೇಳುವುದು ಪ್ರಬಂಧ, ಗದ್ಯಭಾಗದ ಗ್ರಹಿಕೆ, ಸಾರಾಂಶ ಮತ್ತು ಪದಬಳಕೆ. ದಪ್ಪ ಕಡತ ಓದಿ ಮೇಲಧಿಕಾರಿಗೆ ನಾಲ್ಕು ಸಾಲಿನ ಟಿಪ್ಪಣಿ ಬರೆಯುವವರಿಗೆ ಬೇಕಾದ ವಿದ್ಯೆ ಇದು. ದಿನಕ್ಕೊಂದು ಸಂಪಾದಕೀಯ ಓದಿ, ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸುವ ಅಭ್ಯಾಸಕ್ಕೆ ನಗರದ ಕೋಚಿಂಗ್ ಸೆಂಟರ್ ಬೇಕಿಲ್ಲ. ತಿರುಮಣಿಯಲ್ಲೇ ಕುಳಿತು ಮಾಡಬಹುದು. ಆದರೆ ಪ್ರಶ್ನೆಯನ್ನೇ ನೇರವಾಗಿ ಕನ್ನಡದಲ್ಲಿ ರೂಪಿಸುವ ಕೆಲಸ ಅಭ್ಯರ್ಥಿಯದಲ್ಲ. ಅದು ಪರೀಕ್ಷೆ ನಡೆಸುವವರದು.